ಬಮಾಕೊಗೆ ಒಂದು ಸೀಟು

ನನಗೊಂದು ಚಟವಿದೆ. ಬಸ್ಸು ನಿಲ್ದಾಣದೊಳಗೆ ಬಂದು ಪೂರ್ತಿ ನಿಲ್ಲುವುದಕ್ಕೆ ಮೊದಲೇ ನನ್ನ ಹೆಗಲ ಮೇಲಿನ ಟವೆಲ್ಲು ಕಿಟಕಿಯಿಂದ ಒಳಗೆ ಹಾರಿ ಒಂದು ಸೀಟಿನ ಮೇಲೆ ಬಿದ್ದಿರುತ್ತದೆ. ನೌಕರಿಯಿಂದ ನಿವೃತ್ತನಾಗಿ ಎರಡು ವರ್ಷವಾಯಿತು, ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ, ಆದರೆ ಟವೆಲ್ಲಿನ ಗುರಿ ಮಾತ್ರ ಇನ್ನೂ ತಪ್ಪಿಲ್ಲ. ಹೋದ ತಿಂಗಳು ಗುಲಬರ್ಗಾದಲ್ಲಿ ಹೈದರಾಬಾದಿನ ಬಸ್ಸಿಗೆ ಹೀಗೇ ಒಗೆದೆ. ಗೆದ್ದ ಠೀವಿಯಲ್ಲಿ ಮೇಲೆ ಹತ್ತಿ ನೋಡಿದರೆ ಕಾಲೇಜಿನ ಹುಡುಗಿಯೊಬ್ಬಳು ನನ್ನ ಟವೆಲ್ಲನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಸೀಟಿನ ನಂಬರು ಬರೆದ ರಿಸರ್ವೇಶನ್ ಚೀಟಿ ಇತ್ತು.

ಟವೆಲ್ಲು ಇಸಿದುಕೊಂಡು ಅವಳ ಪಕ್ಕದ ಸೀಟಿನಲ್ಲಿ ಕೂತೆ. ಸುಮ್ಮನೆ ಕೂತಿದ್ದರೆ ಇದ್ದಷ್ಟು ಮರ್ಯಾದೆ ಉಳಿಯುತ್ತಿತ್ತು. ಆದರೆ ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿ ಇಲ್ಲ. ತಂಗೀ, ನಾನೂ ಬುಕಿಂಗ್ ಲೈನಿನವನೇ, ಒಂದು ಕಾಲಕ್ಕೆ ಬಮಾಕೊಗೆ ಸೀಟು ಬುಕ್ ಮಾಡಿದವನು ಎಂದು ಹೇಳಿಬಿಟ್ಟೆ. ಅವಳು ಬಹಳ ಮರ್ಯಾದೆಯಿಂದ, ಅದು ಯಾವ ತಾಲೂಕು ಎಂದು ಕೇಳಿದಳು. ತಪ್ಪು ಅವಳದಲ್ಲ. ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತು ವರ್ಷ ಕಂಟ್ರೋಲರ್ ಆಗಿದ್ದ ಮನುಷ್ಯನ ಬಾಯಲ್ಲಿ ಆಫ್ರಿಕಾದ ಊರಿನ ಹೆಸರು ಬಂದರೆ ಯಾರಿಗಾದರೂ ಅದು ಚೌಡಾಪುರದ ಆಚೆಗಿನ ಯಾವುದೋ ಹಳ್ಳಿ ಇರಬೇಕು ಅನ್ನಿಸುತ್ತದೆ. ಅವಳಿಗೆ ಹುಮನಾಬಾದಿನವರೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನೀವು ಅವಳ ಹಾಗೆ ನಡುವೆ ನಿದ್ದೆ ಹೋಗುವುದಿಲ್ಲ ಎಂಬ ಭರವಸೆ ನನಗಿದೆ.

ಕಂಟ್ರೋಲರ್ ಅಂದರೆ ಏನೆಂದು ನಿಮಗೆ ಗೊತ್ತಿರಬೇಕು. ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದಿಡುವವನು. ನನ್ನ ಖೋಲಿಯ ಹೊರಗೆ ದೊಡ್ಡ ಕರಿಹಲಗೆ ಇತ್ತು. ದಿನಾ ಬೆಳಿಗ್ಗೆ ಅದರ ಮೇಲೆ ದುಂಡಗೆ ಅಕ್ಷರ ತಿದ್ದಿ ಆಳಂದ, ಜೇವರ್ಗಿ, ಸೊಲ್ಲಾಪುರ ಎಂದು ಬರೆದು ಮುಂದೆ ಹೊತ್ತು ಹಾಕುತ್ತಿದ್ದೆ. ಜನ ಆ ಹಲಗೆಗೆ ಬೆನ್ನು ಕೊಟ್ಟು ನಿಂತು, ಜೇವರ್ಗಿ ಬಸ್ ಎಷ್ಟಕ್ಕ ಅದ್ರಿ ಎಂದು ನನ್ನನ್ನೇ ಕೇಳುತ್ತಿದ್ದರು. ಓದಲು ಬಾರದವರಷ್ಟೇ ಅಲ್ಲ, ಹೈಸ್ಕೂಲು ಮಾಸ್ತರರೂ ಹಾಗೇ. ಬರೆದದ್ದನ್ನು ನಂಬುವ ಜನವಲ್ಲ ನಮ್ಮದು. ಇನ್ನೊಬ್ಬರ ಬಾಯಿಂದ ಕೇಳಿದಾಗಲೇ ಸಮಾಧಾನ. ನಾನೂ ಬೇಸರವಿಲ್ಲದೆ ಹೇಳುತ್ತಿದ್ದೆ. ಹೇಳುವಾಗ ಎದೆ ಸ್ವಲ್ಪ ಉಬ್ಬುತ್ತಿತ್ತು ಎಂಬುದೂ ನಿಜ.

ಸೀಟು ಹಿಡಿಯುವ ವಿದ್ಯೆಯನ್ನು ನನಗೆ ಕಲಿಸಿದವಳು ನಮ್ಮ ಅಕ್ಕ ಚಂದಮ್ಮ. ನಾವು ಮಾದನಹಿಪ್ಪರಗಾದವರು. ಸಂತೆಗೆಂದು ಆಳಂದಕ್ಕೆ ಹೋಗಲು ಬೆಳಿಗ್ಗೆ ಒಂದೇ ಬಸ್ಸು, ಅದಕ್ಕೆ ಇಡೀ ಊರು. ದೊಡ್ಡವರು ಕಿಟಕಿಯೊಳಗೆ ಟವೆಲ್ಲು, ಟೋಪಿ, ಕೈಚೀಲ ಒಗೆದು ಸೀಟು ಹಿಡಿದರೆ ಅಕ್ಕ ನನ್ನನ್ನೇ ಒಗೆಯುತ್ತಿದ್ದಳು. ಸೊಂಟಕ್ಕೆ ಕೈ ಹಾಕಿ ಎತ್ತಿ, ತಲೆ ಮುಂದಾಗಿ ಕಿಟಕಿಯೊಳಗೆ ತೂರಿಸಿ, ಉದ್ದಕ್ಕೆ ಮಲಗೋ ಎಂದು ಹೊರಗಿನಿಂದ ಹುಕುಂ ಕೊಡುತ್ತಿದ್ದಳು. ಎರಡು ಸೀಟಿನ ಮೇಲೆ ಅಡ್ಡಡ್ಡ ಮಲಗಿ, ಮೇಲೆ ಬಂದವರೆಲ್ಲ ಗದರಿಸುವಾಗ ಅಳುತ್ತ ಇರುವುದು ನನ್ನ ಕೆಲಸ. ಅವಳಿಗಾಗ ಹನ್ನೆರಡು, ನನಗೆ ಆರು. ಇಂಥ ತರಬೇತಿ ಆದವನು ಸಾರಿಗೆ ಇಲಾಖೆಯ ಹೊರತು ಬೇರೆಲ್ಲಿ ನೌಕರಿ ಮಾಡಬೇಕು ಹೇಳಿ.

ಏಳನೇ ಇಯತ್ತೆ ಮುಗಿಸಿ ಮೂರು ವರ್ಷಕ್ಕೆ ಅಕ್ಕನ ಮದುವೆಯಾಯಿತು. ಕೊಟ್ಟದ್ದು ಜೇವರ್ಗಿ ಪಕ್ಕದ ಹಳ್ಳಿಗೆ, ಕರಿಮಣ್ಣಿನ ಹೊಲ ಇದ್ದ ಮನೆಗೆ. ಆ ವರ್ಷ ಪಂಚಮಿಗೆ ಅವಳನ್ನು ತವರಿಗೆ ಕರೆತರಲು ಅಪ್ಪನ ಜೊತೆ ನಾನೂ ಹೋದೆ. ಅಕ್ಕನನ್ನು ನೋಡದೆ ತಿಂಗಳುಗಳಾಗಿದ್ದವು. ಹೊಸ್ತಿಲು ದಾಟುವ ಮೊದಲೇ ಚಂದಕ್ಕಾ ಎಂದು ಜೋರಾಗಿ ಕೂಗಿದೆ. ಮನೆ ಗಪ್ಪನೆ ಸುಮ್ಮನಾಯಿತು. ಯಾರೋ ಹಿಂದಿನಿಂದ ಬಂದು ನನ್ನ ಬಾಯಿ ಮುಚ್ಚಿದರು. ಆ ಕೈಯಿಂದ ವಿಭೂತಿಯ ವಾಸನೆ ಬರುತ್ತಿತ್ತು. ಅದು ಅಕ್ಕನ ಅತ್ತೆಯ ಕೈ, ನೀಲಮ್ಮತ್ತೆಯದು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಹಣ್ಣು ಮುದುಕಿಯೊಬ್ಬಳು ಮಾತ್ರ ಬೊಚ್ಚುಬಾಯಿ ಬಿಟ್ಟು ನಗುತ್ತ, ಈ ವಯಸ್ಸಿನಲ್ಲಿ ನನ್ನನ್ನು ಅಕ್ಕಾ ಎನ್ನುವ ತಮ್ಮ ಎಲ್ಲಿಂದ ಬಂದನೋ ಎಂದಳು. ಆ ಮುದುಕಿ ನೀಲಮ್ಮತ್ತೆಯ ಅತ್ತೆ. ಆಕೆಯ ಹೆಸರೂ ಚಂದಮ್ಮ.

ನಮ್ಮ ಕಡೆ ಸೊಸೆಯಾದವಳು ಅತ್ತೆಯ ಹೆಸರು ಹೇಳುವುದಿಲ್ಲ. ಸತ್ತ ಮೇಲೂ ಹೇಳುವುದಿಲ್ಲ. ಅತ್ತೆಯ ಹೆಸರನ್ನೇ ಇಟ್ಟುಕೊಂಡು ಸೊಸೆ ಬಂದರೆ ಅವಳನ್ನು ಆ ಹೆಸರಿನಿಂದ ಕೂಗಿ ಕೆಲಸ ಹೇಳುವುದಂತೂ ದೂರ ಉಳಿಯಿತು. ಹೇಗೂ ಮದುವೆಯಾಗಿ ಬಂದ ಹುಡುಗಿಗೆ ಗಂಡನ ಮನೆಯ ಹೊಸ ಹೆಸರಿಡುವುದು ಅನೇಕ ಮನೆಗಳಲ್ಲಿ ಇದ್ದದ್ದೇ. ಹಾಗೆ ನೀಲಮ್ಮತ್ತೆ ಸಕ್ಕರೆ ಹಂಚಿ ಅಕ್ಕನಿಗೆ ಜಗದೇವಿ ಎಂದು ಹೆಸರಿಟ್ಟಿದ್ದಳು. ಅಂದಿನಿಂದ ನಾನೂ ಬರೀ ಅಕ್ಕಾ ಎನ್ನುವುದನ್ನು ಕಲಿತೆ. ತವರಿಗೆ ಬಂದರೆ ಚಂದಮ್ಮ, ಭೀಮಾನದಿ ದಾಟಿದರೆ ಜಗದೇವಿ. ಇದರಲ್ಲಿ ತೊಂದರೆ ಏನಾದರೂ ಇದೆ ಎಂದು ನಮಗ್ಯಾರಿಗೂ ಬಹಳ ವರ್ಷ ಅನ್ನಿಸಲಿಲ್ಲ.

ಅಕ್ಕನ ಕೈರೊಟ್ಟಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ನನಗೆ ಪಾಪ ತಟ್ಟುತ್ತದೆ. ರೊಟ್ಟಿ ಎಲ್ಲರೂ ಬಡಿಯುತ್ತಾರೆ. ಅಕ್ಕ ಹಿಟ್ಟು ಮುಟ್ಟಿದ ಕೂಡಲೇ ಜೋಳದ ಜನ್ಮ ಜಾಲಾಡುತ್ತಿದ್ದಳು. ಇದು ಎರಡನೇ ಮಳೆ ತಪ್ಪಿದ ಹೊಲದ್ದು, ಇದು ಕಣದಲ್ಲಿ ತೇವ ತಿಂದದ್ದು, ಇದರ ರೊಟ್ಟಿ ಬಿಸಿಯಿದ್ದಾಗ ಹೂವಿನ ಹಾಗೆ, ಸಂಜೆಗೆ ಚಪ್ಪಲಿ. ಹೇಳಿದ್ದು ಒಂದೂ ಸುಳ್ಳಾಗುತ್ತಿರಲಿಲ್ಲ. ಒಮ್ಮೆ ನಾನು ಅಫಜಲಪುರದ ಅಂಗಡಿಯಲ್ಲಿ ಕೊಂಡ ಜೋಳವನ್ನು ನಮ್ಮ ಹಿಪ್ಪರಗಾದ ಹೊಲದ್ದೆಂದು ಹೇಳಿ ಕೊಟ್ಟೆ. ಅಕ್ಕ ಒಂದು ಚಿಟಿಕೆ ಹಿಟ್ಟು ನಾಲಿಗೆಗೆ ಇಟ್ಟುಕೊಂಡು, ಅಂಗಡಿಯವನ ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದಳು.

ಎಂಬತ್ತರ ದಶಕದ ನಡುವೆ ಹೈದರಾಬಾದಿನ ಹತ್ತಿರದ ಕೃಷಿ ಸಂಶೋಧನಾ ಕೇಂದ್ರವೊಂದರಿಂದ ಕೆಲವರು ಜೀಪಿನಲ್ಲಿ ಅಕ್ಕನ ಊರಿಗೆ ಬಂದರು. ಅವರು ಹೊಸ ಹೊಸ ಜೋಳದ ತಳಿ ಬೆಳೆಸಿದ್ದರು. ಇಳುವರಿ ಚೆನ್ನಾಗಿತ್ತು, ಆದರೆ ರೊಟ್ಟಿ ಹೇಗಾಗುತ್ತದೆ ಎಂದು ಅವರ ಯಂತ್ರಗಳಿಗೆ ಗೊತ್ತಾಗುತ್ತಿರಲಿಲ್ಲ. ಬರೀ ನಂಬರು ಬರೆದ ಹಿಟ್ಟಿನ ಚೀಲಗಳನ್ನು ಕೊಟ್ಟು, ರೊಟ್ಟಿ ಮಾಡಿ ನೋಡಿ ಹೇಳಿ ಎಂದು ಊರಿನ ಹತ್ತು ಹೆಣ್ಣುಮಕ್ಕಳನ್ನು ಕೂಡಿಸಿದರು. ಹಂಚಿನ ಮುಂದೆ ಕೂತ ಅಕ್ಕ ಒಂದೊಂದಾಗಿ ತೀರ್ಪು ಕೊಟ್ಟಳು. ಇದು ಅಂಚು ಸೀಳುತ್ತದೆ, ಇದಕ್ಕೆ ಜಿಗಿ ಇಲ್ಲ, ಇದನ್ನು ಎಮ್ಮೆಗೆ ಹಾಕಿ. ಕೊನೆಗೆ, ನಾಲ್ಕನೇ ಚೀಲ ಮತ್ತು ಒಂಬತ್ತನೇ ಚೀಲ ಒಂದೇ ಜೋಳದ್ದು, ಯಾಕೆ ಎರಡು ನಂಬರು ಹಾಕಿದ್ದೀರಿ ಎಂದು ಕೇಳಿದಳು. ಜೀಪಿನಲ್ಲಿ ಬಂದ ಮೇಡಂ ಬರೆಯುವುದನ್ನು ನಿಲ್ಲಿಸಿದರಂತೆ. ಅದು ಅವರು ಬೇಕೆಂದೇ ಮಾಡಿದ ಪರೀಕ್ಷೆ. ಅಲ್ಲಿಯವರೆಗೆ ಯಾವ ಊರಿನಲ್ಲೂ ಯಾರೂ ಕಂಡುಹಿಡಿದಿರಲಿಲ್ಲ.

ಒಂದೂವರೆ ವರ್ಷದ ಮೇಲೆ ಆ ಮೇಡಂ ಅವರ ಕಾಗದ, ಅಕ್ಕ ಕೊಟ್ಟಿದ್ದ ನನ್ನ ಬಸ್ ಸ್ಟ್ಯಾಂಡಿನ ವಿಳಾಸಕ್ಕೆ ಬಂತು. ಆಫ್ರಿಕಾದ ಮಾಲಿ ಎಂಬ ದೇಶದಲ್ಲಿ ಜನ ನಮ್ಮ ಹಾಗೇ ಜೋಳ ಬೆಳೆದು, ಜೋಳ ತಿಂದು ಬದುಕುತ್ತಾರೆ, ಆದರೆ ಮುದ್ದೆ ಮಾಡಿಯೋ ಅಂಬಲಿ ಕಾಸಿಯೋ ತಿನ್ನುತ್ತಾರೆ. ಅದರ ರಾಜಧಾನಿ ಬಮಾಕೊದಲ್ಲಿ ಜೋಳದ ಮೇಲೆ ಐದು ದಿನದ ಸಭೆ ಇದೆ. ನಾನಾ ದೇಶದ ಪಂಡಿತರು ಬರುತ್ತಾರೆ. ಅವರೆಲ್ಲರ ಮುಂದೆ ಕೂತು ಕಾಳಿನ ಗುಣ ಹೇಳಲು, ರೊಟ್ಟಿ ಬಡಿದು ತೋರಿಸಲು ನಿಮ್ಮ ಅಕ್ಕ ಬರಬೇಕು. ಜೊತೆಗೆ ನಾನಿರುತ್ತೇನೆ, ಖರ್ಚೆಲ್ಲ ಕೇಂದ್ರದ್ದು. ನೀವು ಪಾಸ್‌ಪೋರ್ಟು ಮಾಡಿಸಿ, ಅನುಕೂಲದ ದಿನ, ದಾರಿ ನೋಡಿ ಹೈದರಾಬಾದಿನ ಏಜೆಂಟರ ಆಫೀಸಿನಲ್ಲಿ ಸೀಟು ಹೇಳಬೇಕು ಎಂದು ಬರೆದಿದ್ದರು.

ನನ್ನ ಅಕ್ಕ, ಪಂಡಿತರ ಮುಂದೆ. ಕಾಗದವನ್ನು ನಾಲ್ಕು ಸಲ ಓದಿದೆ. ಅಷ್ಟರಲ್ಲಿ ಸೊಲ್ಲಾಪುರದ ಬಸ್ಸು ನನ್ನ ಸಹಿಗಾಗಿ ಕಾದು ಕಾದು ಹಾರ್ನು ಹೊಡೆಯುತ್ತಿತ್ತು.

ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತೇವೆ. ಮಾಮಾ ವರ್ಷಕ್ಕೆ ಹತ್ತು ಮಾತಾಡುವ ಮನುಷ್ಯ. ಹೋಗಿ ಬರಲಿ ಎಂದು ಅದರಲ್ಲಿ ಎರಡು ಖರ್ಚು ಮಾಡಿದ. ನನಗೆ ಹೆದರಿಕೆ ಇದ್ದದ್ದು ನೀಲಮ್ಮತ್ತೆಯದು. ಹಣೆ ತುಂಬ ವಿಭೂತಿ, ನೆಟ್ಟನೆ ಬೆನ್ನು. ಆಕೆ ಎದುರಿಗಿದ್ದರೆ ಎತ್ತು ಕೂಡ ನಿಧಾನಕ್ಕೆ ಮೇಯುತ್ತಿತ್ತು. ಆಕೆ ಬಹಳ ಹೊತ್ತು ಯೋಚಿಸಿ ಒಂದೇ ಪ್ರಶ್ನೆ ಕೇಳಿದಳು, ಅಷ್ಟು ದೊಡ್ಡ ದೇಶದಲ್ಲಿ ಜೋಳ ಬೆಳೆದೂ ರೊಟ್ಟಿ ಬರುವುದಿಲ್ಲವೇ ಎಂದು. ಬರುವುದಿಲ್ಲವಂತೆ ಎಂದೆ. ಪಾಪ, ಹೋಗಿ ಕಲಿಸಿ ಬಾ ಎಂದು ಸೊಸೆಗೆ ಹೇಳಿ, ಸಂಜೆಯೊಳಗೆ ಇಡೀ ಓಣಿಗೆ ಸುದ್ದಿ ಮುಟ್ಟಿಸಿದಳು. ನಮ್ಮ ಜಗದೇವಿ ವಿಮಾನ ಹತ್ತುತ್ತಾಳೆ ಎಂಬ ಮಾತು ಮೂರೇ ದಿನಕ್ಕೆ ಅಫಜಲಪುರದ ನನ್ನ ಖೋಲಿಗೂ ಬಂತು.

ಇನ್ನು ಬುಕಿಂಗಿನ ಕೆಲಸ. ಅದು ಯಾರ ಪಾಲಿಗೆ ಬರಬೇಕು ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ, ನನಗಂತೂ ಮೊದಲೇ ಇರಲಿಲ್ಲ. ಹೈಸ್ಕೂಲಿನಿಂದ ಭೂಪಟದ ಪುಸ್ತಕ ಇಸಿದುಕೊಂಡು ಬಂದು, ನೂಲು ಹಿಡಿದು ಮುಂಬೈಯಿಂದ ಬಮಾಕೊಗೆ ಅಳೆದೆ. ನಮ್ಮ ಜಿಲ್ಲೆಯ ಎಲ್ಲಾ ಬಸ್ಸುಗಳ ದಾರಿಯನ್ನು ಗಂಟು ಹಾಕಿದರೂ ಅಲ್ಲಿಗೆ ಸಾಲುವುದಿಲ್ಲ ಎಂದು ಚಹಾ ಕುಡಿಯಲು ಬಂದ ಡ್ರೈವರುಗಳಿಗೆ ವಿವರಿಸಿದೆ. ಆಮೇಲೆ ರಜೆ ಹಾಕಿ ಹೈದರಾಬಾದಿಗೆ ಹೋದೆ.

ಏಜೆಂಟರ ಆಫೀಸಿನ ಕೌಂಟರಿನಲ್ಲಿದ್ದ ಹೆಣ್ಣುಮಗಳು ಉರ್ದುವಿನಲ್ಲಿ ಎರಡು ದಾರಿ ಹೇಳಿದಳು. ಒಂದು ಪ್ಯಾರಿಸ್ ಮೇಲೆ, ಇನ್ನೊಂದು ಅಡಿಸ್ ಅಬಾಬದ ಮೇಲೆ. ಪ್ಯಾರಿಸ್ ದಾರಿಯೇ ಅನುಕೂಲ, ಎಲ್ಲರೂ ಹಾಗೇ ಹೋಗುತ್ತಾರೆ ಎಂದಳು. ನಾನು ಚೀಲದಿಂದ ಭೂಪಟ ತೆಗೆದೆ. ಪ್ಯಾರಿಸ್ ಎಲ್ಲಿ, ಬಮಾಕೊ ಎಲ್ಲಿ? ಅಫಜಲಪುರದಿಂದ ಜೇವರ್ಗಿಗೆ ಹೋಗುವವನನ್ನು ಆಳಂದಕ್ಕೆ ಒಯ್ದು ತಿರುಗಿಸಿ ತಂದ ಹಾಗಾಯಿತು. ನನ್ನ ಕೈಕೆಳಗಿನ ಕಂಡಕ್ಟರು ಹೀಗೆ ಮಾಡಿದ್ದರೆ ಮೆಮೋ ಕೊಡುತ್ತಿದ್ದೆ ಎಂದೆ. ಅವಳು ನಗುತ್ತ ಅಡಿಸ್ ಅಬಾಬದ ದಾರಿ ಬರೆದುಕೊಂಡಳು. ಅದು ವಾರಕ್ಕೆ ಒಂದೇ ವಿಮಾನ, ಅಲ್ಲಿ ಒಂದು ರಾತ್ರಿ ಇಳಿದು ಇನ್ನೊಂದು ಹತ್ತಬೇಕು.

ನಂತರ ನಾನು ನನ್ನ ಕಸುಬಿನ ಪ್ರಶ್ನೆಗಳನ್ನು ಕೇಳಿದೆ. ಎಲ್ಲೆಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಸೀಟು ಮುಂದಿನದಾಗಬೇಕು, ಗಾಲಿಯ ಮೇಲಿನ ಸೀಟು ಮಾತ್ರ ಬೇಡ, ಅಕ್ಕನಿಗೆ ಸೊಂಟನೋವು. ವಿಮಾನ ಮೇಲೆ ಹೋದ ಮೇಲೆ ಗಾಲಿಯನ್ನು ಒಳಗೆ ಎಳೆದುಕೊಳ್ಳುತ್ತಾರೆ ಎಂದು ಅವಳು ತಾಳ್ಮೆಯಿಂದ ಹೇಳಿದಳು. ನನಗೆ ನಂಬಿಕೆ ಬರಲಿಲ್ಲ. ಒಳಗೆ ಎಳೆದುಕೊಂಡರೂ ಗಾಲಿ ಯಾರದಾದರೂ ಸೀಟಿನ ಕೆಳಗೇ ಇರಬೇಕಲ್ಲ. ಕೊನೆಗೆ ಅವಳು ಹೆಸರು ಕೇಳಿದಳು. ಚಂದಮ್ಮ ಎಂದು ಬರೆಸಿದೆ. ಸೀಟು ಹಿಡಿದಿಟ್ಟಿರುತ್ತೇವೆ, ಆದರೆ ಯುಗಾದಿಯ ಹಿಂದಿನ ಶುಕ್ರವಾರದೊಳಗೆ ಪಾಸ್‌ಪೋರ್ಟು ತೋರಿಸಿ, ಹೋಗುವವರೇ ಬಂದು ಟಿಕೆಟ್ಟು ಒಯ್ಯಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ, ಆ ವಾರ ತಪ್ಪಿದರೆ ಸಭೆ ಮುಗಿದೇ ಹೋಗುತ್ತದೆ ಎಂದಳು.

ಚಂದಮ್ಮ ಎಂದು ಯಾಕೆ ಬರೆಸಿದೆ? ಪಾಸ್‌ಪೋರ್ಟಿನ ಅರ್ಜಿಯಲ್ಲೂ ಹಾಗೇ ಬರೆದಿದ್ದೆ. ಅಕ್ಕನ ಶಾಲೆಯ ದಾಖಲೆ ಆ ಹೆಸರಿನಲ್ಲಿತ್ತು, ಅವಳಿಗೆ ಬರುತ್ತಿದ್ದ ಸಹಿಯೂ ಅದೊಂದೇ, ಅದು ಕಾರಣ ಎಂದು ಎಲ್ಲರಿಗೂ ಹೇಳಿದೆ. ನಿಮ್ಮ ಮುಂದೆ ನಿಜ ಹೇಳುತ್ತೇನೆ. ನಮ್ಮ ಹಿಪ್ಪರಗಾದ ಹುಡುಗಿ ಆಫ್ರಿಕಾಕ್ಕೆ ಹೋಗುವಾಗ ನಮ್ಮ ಮನೆಯ ಹೆಸರಿನಲ್ಲೇ ಹೋಗಲಿ ಎಂಬ ಸೊಕ್ಕು ನನಗಿತ್ತು. ಅರ್ಜಿಯನ್ನು ನನ್ನ ಖೋಲಿಯಲ್ಲೇ ತುಂಬಿ ಅಕ್ಕನ ಸಹಿ ಹಾಕಿಸಿದೆ. ವಿಳಾಸ ಮಾತ್ರ ಗಂಡನ ಮನೆಯದು, ಅದೇ ನಿಜವಾದ ವಿಳಾಸ; ಕಾಗದಪತ್ರ ಬರುವುದಕ್ಕೆ ನನ್ನ ಬಸ್ ಸ್ಟ್ಯಾಂಡಿನದನ್ನು ಕೊಟ್ಟೆ. ಬೀಗರ ಮನೆಯವರಿಗೆ ಹೆಸರಿನ ವಿಷಯ ಹೇಳುವ ಗೋಜಿಗೆ ಹೋಗಲಿಲ್ಲ.

ಯುಗಾದಿಗೆ ಇನ್ನು ಐದು ವಾರ ಇರುವಾಗ ಪಾಸ್‌ಪೋರ್ಟ್ ಕಚೇರಿಯಿಂದ ನನ್ನ ಕೈಗೆ ಕಾಗದ ಬಂತು. ಪೊಲೀಸ್ ವಿಚಾರಣೆಯ ವರದಿ ಬಂದಿದೆ, ಅರ್ಜಿದಾರಳು ಮೃತಳಾಗಿದ್ದಾಳೆ, ಆದ್ದರಿಂದ ಅರ್ಜಿ ಮುಗಿಸಲಾಗಿದೆ ಎಂದು ಅದರಲ್ಲಿತ್ತು. ಹಿಂದಿನ ರವಿವಾರ ಅಕ್ಕನ ಕೈಯ ರೊಟ್ಟಿ ತಿಂದು ಬಂದವನು ನಾನು. ಆದರೂ ಜೀವ ಕೇಳಲಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ಹಿಡಿದುಕೊಂಡು ಮೊದಲ ಬಸ್ಸು ಹತ್ತಿದೆ. ಅಕ್ಕ ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು. ನಾನು ಓಡಿ ಹೋಗಿ ಅವಳ ಕಾಲ ಹತ್ತಿರ ಕುಸಿದು ಕೂತು ಅತ್ತುಬಿಟ್ಟೆ.

ನಡೆದದ್ದು ಇಷ್ಟು. ಎರಡು ವಾರದ ಹಿಂದೆ ಪೊಲೀಸಿನವನೊಬ್ಬ ಅರ್ಜಿ ಹಿಡಿದುಕೊಂಡು ಬಂದಿದ್ದ. ಅಕ್ಕ, ಮಾಮಾ ಹೊಲದಲ್ಲಿದ್ದರು. ಕಟ್ಟೆಯ ಮೇಲೆ ನೀಲಮ್ಮತ್ತೆ ಒಬ್ಬಳೇ. ಈ ಮನೆಯ ಚಂದಮ್ಮ ಎಲ್ಲಿದ್ದಾರೆ ಎಂದು ಅವನು ಕೇಳಿದ. ನೀಲಮ್ಮತ್ತೆಗೆ ಆ ಹೆಸರೆಂದರೆ ತನ್ನ ಅತ್ತೆಯೇ. ಅವರು ಹೋಗಿ ಹತ್ತು ವರ್ಷದ ಮೇಲಾಯಿತಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಹುಷಾರಿ, ಪಕ್ಕದ ಎರಡು ಮನೆಯಲ್ಲೂ ಕೇಳಿದ. ಅವರೂ ಹೌದು, ಬಹಳ ಒಳ್ಳೆಯ ಜೀವ ಎಂದರು. ಹಿರಿಯರಿಬ್ಬರು ಅವನ ಕಾಗದದ ಮೇಲೆ ಸಾಕ್ಷಿ ಹಾಕಿದರು. ಒಬ್ಬರೂ ಸುಳ್ಳು ಹೇಳಿರಲಿಲ್ಲ.

ಗೊತ್ತಾದ ಮೇಲೆ ಮಾಮಾ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ಅತ್ತ ಕಣ್ಣಲ್ಲೇ ನಕ್ಕೆ. ಅಕ್ಕ ನಗಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು ಕಾಗದ ಕೈಯಲ್ಲಿ ಹಿಡಿದು ಕೂತಳು.

"ಈ ಮನಿಗೆ ಬಂದು ಇಪ್ಪತ್ತೈದು ವರ್ಷಾತು," ಎಂದಳು. "ಹೊಸ ಹೆಸರು ಕೊಟ್ರಿ, ತಗೊಂಡೆ. ಹಳೀ ಹೆಸರು ಏನಾತು ಅಂತ ಒಬ್ರೂ ಕೇಳಲಿಲ್ಲ. ಈಗ ಸರ್ಕಾರನ ಹೇಳ್ತು ನೋಡ್ರಿ, ಸತ್ತದ ಅಂತ."

ನಾನು ಕಂಟ್ರೋಲರ್ ಬುದ್ಧಿ ಉಪಯೋಗಿಸಿ, ಒಂದು ಬಸ್ಸು ಕೆಟ್ಟರೆ ಇನ್ನೊಂದು ಬಿಡುವುದಪ್ಪ ಎಂದು, ಜಗದೇವಿ ಎಂಬ ಹೆಸರಿನಲ್ಲಿ ಹೊಸ ಅರ್ಜಿ ಹಾಕೋಣ, ರೇಶನ್ ಕಾರ್ಡಿನಲ್ಲಿ ಅದೇ ಇದೆ, ನೀಲಮ್ಮತ್ತೆಗೂ ಸಮಾಧಾನ ಎಂದೆ. ಅಕ್ಕ ನನ್ನನ್ನು ಬಸ್ಸಿನ ಕಿಟಕಿಯೊಳಗೆ ತೂರಿಸುವ ಕಾಲದ ಕಣ್ಣಿನಿಂದ ನೋಡಿದಳು.

"ಜಗದೇವಿ ಸಾಲಿಗೆ ಹೋಗಿಲ್ಲೋ ತಮ್ಮಾ. ಸಹಿ ಮಾಡಾಕ ಕಲ್ತಾಕಿ ಚಂದಮ್ಮ. ಅವ್ವನ ಬಾಜೂಕ ಕುಂತು ಹಿಟ್ಟು ನೋಡಾಕ ಕಲ್ತಾಕೀನೂ ಚಂದಮ್ಮ. ಹೋದ್ರ ಆಕೀನ ಹೋಗ್ತಾಳ. ಆಕಿ ಸತ್ತಾಳ ಅಂತ ಬರ್ಸಿ ನಾ ವಿಮಾನ ಹತ್ತಾಂಗಿಲ್ಲ."

ಆ ಮನೆಯೊಳಗೆ ಆ ಹೆಸರನ್ನು ಅವಳು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಕಟ್ಟೆಯ ಮೇಲೆ ಕೂತು ಎಲ್ಲ ಕೇಳುತ್ತಿದ್ದ ನೀಲಮ್ಮತ್ತೆ ಎದ್ದು ಒಳಗೆ ಹೋದಳು. ಆಯಿತು, ಕೆಲಸ ಕೆಟ್ಟಿತು, ಅಕ್ಕ ಆಫ್ರಿಕಾಕ್ಕೂ ಇಲ್ಲ, ಈ ಮನೆಯಲ್ಲಿ ಸುಖಕ್ಕೂ ಇಲ್ಲ, ಎಲ್ಲಾ ನನ್ನ ಸೊಕ್ಕಿನಿಂದ ಎಂದು ನಾನು ತಲೆ ತಗ್ಗಿಸಿದೆ. ಅದೇ ಹೊತ್ತಿಗೆ ಒಳಗೊಳಗೆ ಒಂದು ಹೆಮ್ಮೆಯೂ ಆಯಿತು ಎಂದರೆ ನೀವು ನನ್ನನ್ನು ಏನೆಂದು ತಿಳಿಯುತ್ತೀರೋ ಗೊತ್ತಿಲ್ಲ. ನಮ್ಮ ಅಕ್ಕ ಹಾಗೆ ನೆಟ್ಟಗೆ ಕೂತು ಮಾತಾಡಿದ್ದನ್ನು ನಾನು ಬಹಳ ವರ್ಷದ ಮೇಲೆ ನೋಡಿದ್ದೆ.

ಬೆಳಿಗ್ಗೆ ಏಳುವಷ್ಟರಲ್ಲಿ ನೀಲಮ್ಮತ್ತೆ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ತಯಾರಾಗಿ ಕೂತಿದ್ದಳು. ಅಕ್ಕನಿಗೂ ಸೀರೆ ತೆಗೆದಿಟ್ಟಿದ್ದಳು. ಠಾಣೆಗೆ ನಡಿ ಎಂದು ನನಗೆ ಹೇಳಿದಳು. ಮೂವರೂ ಹೋದೆವು.

ಫೌಜದಾರರು ವರದಿ ನೋಡಿ, ಸತ್ತವರನ್ನು ಬದುಕಿಸುವುದು ತಮ್ಮ ಇಲಾಖೆಗೆ ಹೊಸದು ಎಂದರು. ಆಮೇಲೆ ನೀಲಮ್ಮತ್ತೆಗೆ, ಹೇಳಿಕೆ ಕೊಟ್ಟವರು ನೀವು, ನೀವೇ ಹೇಳಿ, ಚಂದಮ್ಮ ಯಾರು ಎಂದು ಕೇಳಿದರು. ನೀಲಮ್ಮತ್ತೆ ಅಕ್ಕನ ಕಡೆ ಬೆರಳು ತೋರಿಸಿ, ಈಕೀನ್ರಿ ಎಂದಳು. ಹಾಗಲ್ಲ, ಹೆಸರು ಹಿಡಿದು ಹೇಳಬೇಕು, ಕಾಗದಕ್ಕೆ ಬೆರಳು ಬರುವುದಿಲ್ಲ ಎಂದರು. ಆಕೆ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಹಣೆಯ ವಿಭೂತಿಯೊಳಗಿಂದ ಬೆವರು ಇಳಿಯಿತು. ಊರಿಗೆಲ್ಲ ಹೆದರಿಕೆಯಾಗಿದ್ದ ಹೆಂಗಸು ಒಂದು ಹೆಸರಿಗೆ ಹೆದರಿ ನಿಂತದ್ದನ್ನು ನೋಡಿ ನನಗೆ ಕನಿಕರವೆನಿಸಿತು.

"ನಮ್ಮತ್ತಿ ಹೆಸರದು, ಸಾಹೇಬ್ರ. ನನ್ನ ನಾಲಿಗಿಗಿ ಬರವಲ್ದು," ಎಂದಳು.

ಫೌಜದಾರರೂ ನಮ್ಮ ಸೀಮೆಯವರೇ. ತಮ್ಮ ತಾಯಿಯೂ ಅಜ್ಜಿಯ ಹೆಸರು ಹೇಳದೆಯೇ ಹೋದಳು ಎಂದು ಹೇಳಿ, ಮುಂದೆ ಒತ್ತಾಯ ಮಾಡಲಿಲ್ಲ. ಠಾಣೆಯ ರೈಟರನಿಂದ ಹೇಳಿಕೆ ಬರೆಸಿ, ಓದಿಸಿ, ಆ ಹೆಸರು ಬಂದಾಗಲೆಲ್ಲ ಆಕೆಯನ್ನು ಹೌದೆಂದು ತಲೆ ಆಡಿಸಲು ಹೇಳಿ ಹೆಬ್ಬೆಟ್ಟು ತೆಗೆದುಕೊಂಡರು. ಎದುರಿಗೇ ಅಕ್ಕನ ಸಹಿ ನೋಡಿದರು, ಶಾಲೆಯ ದಾಖಲೆ ನೋಡಿದರು. ಅರ್ಜಿದಾರಳು ಜೀವಂತ ಇದ್ದಾಳೆ ಎಂದು ಬೇರೆ ವರದಿ ಅದೇ ದಿನ ಹೊರಟಿತು.

ಬರುವಾಗ ಬಸ್ಸಿನಲ್ಲಿ ನೀಲಮ್ಮತ್ತೆ ನನ್ನ ಪಕ್ಕ ಕೂತಳು. ಅಕ್ಕ ಮುಂದಿನ ಸೀಟಿನಲ್ಲಿದ್ದಳು. ಊರು ಹತ್ತಿರ ಬಂದಾಗ ನೀಲಮ್ಮತ್ತೆ, ತಾನು ಈ ಮನೆಗೆ ಬಂದಾಗ ತನಗೂ ಬೇರೆ ಹೆಸರಿತ್ತು ಎಂದಳು. ಏನು ಹೆಸರು ಅತ್ತೀ ಎಂದು ಕೇಳಿದೆ. ಕಿಟಕಿಯಿಂದ ಹೊರಗೆ ಕಡಲೆ ಹೊಲ ನೋಡುತ್ತ, ಆ ಹೆಸರಿನಿಂದ ಕರೆಯುವವರೆಲ್ಲ ಸತ್ತುಹೋದರು ಎಂದಷ್ಟೇ ಹೇಳಿದಳು. ಸುಮ್ಮನೆ ಕೂತೆ. ಅದು ನನಗೆ ಅಪರೂಪ.

ಪಾಸ್‌ಪೋರ್ಟು ಬಂದದ್ದು ಟಿಕೆಟ್ಟಿನ ಗಡುವಿನ ಶುಕ್ರವಾರಕ್ಕೆ ಮೂರು ದಿನ ಇರುವಾಗ. ಮರುದಿನವೇ ಗುಲಬರ್ಗಾದಿಂದ ರೈಲು ಹತ್ತಿದೆವು. ನೀಲಮ್ಮತ್ತೆಯೂ ಬಂದಳು. ಹೈದರಾಬಾದು ನನಗೆ ಹೊಸದಲ್ಲ, ನಿಜಾಮರ ಕಾಲಕ್ಕೇ ನೋಡಿದ್ದೇನೆ, ನಿಮ್ಮಿಬ್ಬರನ್ನೇ ಬಿಟ್ಟರೆ ಮತ್ತೆ ಏನಾದರೂ ಬರೆಸಿ ಬರುತ್ತೀರಿ ಎಂದಳು. ಸ್ಟೇಶನ್ನಿನ ಹೊರಗೆ ರಿಕ್ಷಾದವನ ಜೊತೆ ಆಕೆ ಆಡಿದ ಉರ್ದು ಕೇಳಿ ನಾನು ಚೀಲ ಹೊರುವ ಕೆಲಸಕ್ಕೆ ಇಳಿದೆ.

ಆಫೀಸಿನಲ್ಲಿ ಬಹಳ ಜನ ಇದ್ದರು. ಪಾಸ್‌ಪೋರ್ಟು ಒಳಗೆ ಕೊಟ್ಟು, ಗೋಡೆಗೆ ಹಚ್ಚಿದ ಬೆಂಚಿನ ಮೇಲೆ ಮೂವರೂ ಕೂತೆವು. ದುಬೈಗೆ ಹೋಗುವವರು, ಜೆಡ್ಡಾಕ್ಕೆ ಹೋಗುವವರು, ಸೂಟು ಹಾಕಿದ ಡಾಕ್ಟರೊಬ್ಬರು. ಅವರ ನಡುವೆ ಹಸಿರು ಸೀರೆಯ ಅಕ್ಕ, ರೊಟ್ಟಿ ಬಡಿದು ಬಡಿದು ದೊರಗಾದ ಎರಡು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದವರು ಎಲ್ಲಿಗೆ ಎಂದು ಕೇಳಲಿ ಎಂದು ನಾನು ಬಹಳ ಆಸೆಪಟ್ಟೆ. ಕೊನೆಗೆ ಯಾರೂ ಕೇಳದಿದ್ದಾಗ ನಾನೇ ಡಾಕ್ಟರಿಗೆ ಹೇಳಿದೆ. ಅವರೂ ಬಮಾಕೊ ಎಲ್ಲಿದೆ ಎಂದು ಕೇಳಿದರು. ಭೂಪಟ ತಂದಿದ್ದೆ.

ಕೌಂಟರಿನ ಹೆಣ್ಣುಮಗಳು ಒಬ್ಬೊಬ್ಬರ ಹೆಸರು ಹಿಡಿದು ಕರೆದು, ಸಹಿ ಮಾಡಿಸಿಕೊಂಡು ಟಿಕೆಟ್ಟಿನ ಪುಸ್ತಕ ಕೊಡುತ್ತಿದ್ದಳು. ನಾಲ್ಕೈದು ಜನ ಆದ ಮೇಲೆ ಕರೆದಳು, ಚಂದಮ್ಮ.

ಯಾರೂ ಏಳಲಿಲ್ಲ. ಅವಳು ಇನ್ನೊಮ್ಮೆ ಕರೆದಳು. ಅಕ್ಕ ಎಲ್ಲರ ಹಾಗೆಯೇ ಕುತ್ತಿಗೆ ಹೊರಳಿಸಿ, ಯಾರು ಏಳುತ್ತಾರೆ ಎಂದು ಆ ಕಡೆ ಈ ಕಡೆ ನೋಡಿದಳು. ಗಂಡನ ಮನೆಯಲ್ಲಿ ಇಪ್ಪತ್ತೈದು ವರ್ಷ ಆ ಹೆಸರಿಗೆ ಓ ಎಂದವಳಲ್ಲ. ಬೇಕೆಂದು ಹಟ ಹಿಡಿದು ಗೆದ್ದುಕೊಂಡ ಹೆಸರೇ ಪರಸ್ಥಳದ ಬಾಯಲ್ಲಿ ಬಂದಾಗ ಅವಳಿಗೆ ತನ್ನದೆನಿಸಲಿಲ್ಲ. ನಾನು ಹೇಳಬೇಕೆಂದು ಬಾಯಿ ತೆರೆದೆ. ನೀಲಮ್ಮತ್ತೆ ನನ್ನ ಮೊಣಕೈ ಒತ್ತಿ ಸುಮ್ಮನಿರಿಸಿದಳು. ಸೆರಗು ಸರಿಮಾಡಿಕೊಂಡಳು. ಕಣ್ಣು ಮುಚ್ಚಿ, ಎದೆಯ ಮೇಲಿನ ಲಿಂಗವನ್ನು ಒಮ್ಮೆ ಮುಟ್ಟಿಕೊಂಡಳು. ಆಮೇಲೆ ಸೊಸೆಯ ಬೆನ್ನ ಮೇಲೆ ಅಂಗೈಯಿಟ್ಟಳು.

"ಚಂದಮ್ಮಾ," ಎಂದಳು, ಇಡೀ ಆಫೀಸಿಗೆ ಕೇಳುವ ಹಾಗೆ. "ನಿನ್ನ ಕರ್ಯಾಕತ್ತಾರ. ಏಳವ್ವಾ."

ಅಕ್ಕ ಅತ್ತೆಯ ಮುಖವನ್ನೇ ನೋಡಿದಳು. ಕಣ್ಣು ಒರೆಸಿಕೊಳ್ಳಲಿಲ್ಲ. ಎದ್ದು ಹೋಗಿ ಸಹಿ ಮಾಡಿದಳು.